ದಪ್ಪಗಿದ್ದ ಮಾತ್ರಕ್ಕೆ ಸಿಗಾರ್ ಗಡಸಲ್ಲ

ಮಾನ್ಯರೇ,

ಸಿಗಾರ್ ದಪ್ಪಗಿದ್ದಷ್ಟೂ ಗಡಸು, ಅಂದರೆ ಘಾಟು ಹೆಚ್ಚು ಎಂಬ ನಂಬಿಕೆ ತಪ್ಪು. ಘಾಟು ಬರುವುದು ಗಾತ್ರದಿಂದಲ್ಲ, ಒಳಗಿನ ಎಲೆಯಿಂದ. ಗಿಡದ ತುದಿಯಲ್ಲಿ ಬಿಸಿಲುಂಡು ಬೆಳೆದ ‘ಲಿಗೇರೊ’ ಎಲೆ ದಪ್ಪ, ಜಿಡ್ಡು ಹೆಚ್ಚು, ಉರಿಯುವುದು ನಿಧಾನ. ಅದಕ್ಕೇ ಅದನ್ನು ನಟ್ಟನಡುವೆ ಇಟ್ಟು ಸುತ್ತುತ್ತಾರೆ. ಕ್ಯೂಬಾದ ‘ಪಾರ್ತಗಾಸ್ ಲುಸಿಟಾನಿಯಾಸ್’ ಸಿಗಾರ್ ಗಾತ್ರ, ಘಾಟು ಎರಡೂ ಇರುವಂಥದ್ದು: 194 ಮಿ.ಮೀ. ಉದ್ದ, 49 ರಿಂಗ್ ಗೇಜ್, ಅಂದರೆ 49/64 ಅಂಗುಲ ವ್ಯಾಸ.

ಇದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಹೊಗೆಯನ್ನು ಎದೆಗೆಳೆಯದಿದ್ದರೂ ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕಿಳಿದು ತಲೆ ಸುತ್ತಿಸುತ್ತದೆ. (ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯವೂ ತಪ್ಪದು.) ಬಾಯಿಗಿಡುವ ತುದಿಯ ಮುಚ್ಚಳ ಎಲೆಯನ್ನು (‘ಟೋಪಿ’) ಸುಮಾರು 2 ಮಿ.ಮೀ. ಮಾತ್ರ ಕತ್ತರಿಸಬೇಕು, ಹೆಚ್ಚಾದರೆ ಹೊದಿಕೆ ಎಲೆ ಬಿಚ್ಚಿಕೊಳ್ಳುತ್ತದೆ. ಪೆಟ್ರೋಲ್ ಲೈಟರಿನ ವಾಸನೆ ಎಲೆಗೆ ಹತ್ತುವುದರಿಂದ ಬ್ಯೂಟೇನ್ ಲೈಟರೇ ಲೇಸು. ಉರಿ ಮುಟ್ಟಿಸದೆ, ಇನ್ನೊಂದು ತುದಿಯನ್ನು ತಿರುಗಿಸುತ್ತಾ ಸುತ್ತಲೂ ಸಮನಾಗಿ ಕಾಯಿಸಿ. ಇಲ್ಲಿ ಅವಸರಿಸಿದರೆ ಒಂದೇ ಪಕ್ಕ ಉರಿಯುತ್ತಾ ಹೋಗುತ್ತದೆ.

ನಿಮಿಷಕ್ಕೊಂದು ದಮ್ ಸಾಕು. ಮೇಲಿಂದ ಮೇಲೆ ಎಳೆದರೆ ಕಾವು ಏರಿ ಬರೀ ಕಹಿ. ನಿಧಾನಿಸಿದರೆ ಮೊದಲು ಮರದ ವಾಸನೆ, ನಡುಭಾಗದಲ್ಲಿ ಕಾಫಿ, ಕೋಕೊ, ಚರ್ಮದ ಸೊಗಡು, ಕೊನೆಗೆ ಕಾಳುಮೆಣಸಿನ ಚುರುಕು ಸಿಗಬಹುದು.

ಇಡುವ ಪೆಟ್ಟಿಗೆಯಲ್ಲಿ ತೇವಾಂಶ ಶೇ 65ರಿಂದ 70 ಇರಲಿ. ಮಂಗಳೂರಿನ ಮಳೆಗಾಲದಲ್ಲಿ ಹೊರಗಿಟ್ಟರೆ ಎಲೆ ಉಬ್ಬಿ ಹೊಗೆಯೇ ಬಾರದು, ಬೂಷ್ಟೂ ಹಿಡಿದೀತು. ಮುಗಿದ ಮೇಲೆ ತುಂಡನ್ನು ಹೊಸಕಬೇಡಿ, ನಾರುತ್ತದೆ. ಆಶ್‌ಟ್ರೇಯಲ್ಲಿಟ್ಟರೆ ತಾನೇ ಆರುತ್ತದೆ.

– ಓದುಗ, ಮಂಗಳೂರು