ವಿಷಯ ಬಿಟ್ಟು ಅಕ್ಷರಕ್ಕೆ ಜಗಳ

ಮಾನ್ಯರೇ,

ಯಾರೋ ಒಳ್ಳೆ ವಿಷಯ ಬರೆದಿರುತ್ತಾರೆ. ‘ವಿದ್ಯಾರ್ಥಿ’ ಹೋಗಿ ‘ವಿಧ್ಯಾರ್ಥಿ’ ಆಗಿದ್ದರೆ ಸಾಕು, ವಿಷಯ ಮೂಲೆಗೆ, ಮಹಾಪ್ರಾಣದ ಜಗಳ ಮುಂದಕ್ಕೆ! ಬರೆದವರು ಮತ್ತೆ ಬಾಯಿ ಬಿಡುವುದಿಲ್ಲ.

ತಿದ್ದಲೇಬಾರದು ಅಂತಲ್ಲ. ‘ಆದರದ ಸ್ವಾಗತ’ ‘ಹಾದರದ ಸ್ವಾಗತ’ ಆದರೆ ಸುಮ್ನಿರೋಕಾಗುತ್ತಾ? ಅಲ್ಲಿ ಅರ್ಥವೇ ಕೆಡುತ್ತದೆ. (ನಾನೂ ಒಮ್ಮೆ ಹಾಗೆ ಬರೆದು ನಗೆಪಾಟಲಾಗಿದ್ದೇನೆ.) ಅರ್ಥ ಕೆಡದ ಕಡೆಯೂ ಇಷ್ಟೊಂದು ಸಿಟ್ಟು ಯಾಕೆ? 10ನೇ ಶತಮಾನದ ಪಂಪನಿಗೆ ‘ಪೂ’ ಸರಿ, ನಮಗೆ ‘ಹೂ’ ಸರಿ. ‘ಪಾಲ್’ ಹಾಲಾಗಿದ್ದು, ‘ಪುಲಿ’ ಹುಲಿಯಾಗಿದ್ದು ಜನರ ಬಾಯಲ್ಲೇ ಅಲ್ವಾ?

ತಪ್ಪು ಕಂಡರೆ ಬರೆದವರಿಗೆ ಮೆಲ್ಲಗೆ ಹೇಳಿ. ಆದರೆ ಮೊದಲು ಅವರು ಎತ್ತಿದ ವಿಷಯಕ್ಕೆ ಉತ್ತರ ಕೊಡಿ.

– ಒಬ್ಬ ಓದುಗ