ಫೋನಿನಲ್ಲಿ ಹೇಳದೇ ಇದ್ದದ್ದು

ಪುಟ್ಟೀ,

ಪ್ರತಿ ಭಾನುವಾರ ಫೋನ್ ಮಾಡಿದಾಗ “ಕೆಂಚಿ ಹೇಗಿದೆಯಮ್ಮ?” ಅಂತ ಕೇಳುತ್ತೀಯ. “ಚೆನ್ನಾಗಿದೆ, ಮೇಯೋಕೆ ಹೋಗಿದೆ” ಅಂತ ನಾಲ್ಕು ವಾರದಿಂದ ಹೇಳುತ್ತಾ ಬಂದಿದ್ದೇನೆ. ಸುಳ್ಳು. ನಮ್ಮ ಕುರಿಮರಿ ಕೆಂಚಿ ಸತ್ತು ಐದನೇ ವಾರ. ಬಾಯಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಕಾಗದ.

ತಪ್ಪು ನನ್ನದು. ಹೇಗೆ ಅಂತ ಮೊದಲಿಂದ ಹೇಳಬೇಕು.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಕೈ ನನ್ನದು, ಸ್ಟೇರಿಂಗ್ ಹಿಡಿದ ಕೈ ನಿಮ್ಮಪ್ಪನದು. ಕುರಿ ಅಂದರೆ ನಮಗೆ ತಟ್ಟೆಯಲ್ಲಷ್ಟೇ ಪರಿಚಯ. ಸಂಕ್ರಾಂತಿ ಕಳೆದ ಮೇಲೆ ಸಂತೆಗೆ ಹೋದೆವಲ್ಲ, ಟವೆಲ್ ಒಳಗೆ ಬೆರಳು ಹಿಡಿದು ದಲ್ಲಾಳಿ ಏನು ರೇಟು ಹೇಳಿದನೋ ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕು ಹಲ್ಲಿನವು, ಅಂದರೆ ಇನ್ನೂ ಎಳೆ ಪ್ರಾಯದವು ಅಂತ ಕೊಟ್ಟ 20 ಕುರಿಗಳಲ್ಲಿ ಮೂರಕ್ಕೆ ಹಲ್ಲೇ ಸವೆದಿತ್ತು. ಗೊಲ್ಲರಹಟ್ಟಿ ತಾತ ಬಂದು ತುಟಿ ಎತ್ತಿ ನೋಡಿ, “ಇವು ನಿನ್ನ ಮಗಳಿಗಿಂತ ಒಂದೆರಡು ವರ್ಷ ಚಿಕ್ಕವು, ಅಷ್ಟೆ” ಅಂತ ನಕ್ಕ.

ಬೇಸಿಗೆಯೆಲ್ಲ ತಾತನೇ ಮೇಷ್ಟ್ರು. ಇಬ್ಬನಿ ಆರುವ ತನಕ ರೊಪ್ಪದ ಬಾಗಿಲು ತೆಗೀಬೇಡ, ಒದ್ದೆ ಹುಲ್ಲಿನ ತುದಿಗೆ ಜಂತುಹುಳದ ಮರಿ ಹತ್ತಿರುತ್ತೆ ಅಂದ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದ್ದರೆ ಆ ಕಡೆ ತಲೆ ಹಾಕಿಯೂ ಮಲಗಬೇಡ, ವಿಷ ಅಂದ. ಒಂದು ಕುರಿಗೆ ದಿನಕ್ಕೆ ಮೂರು ಕೆಜಿ ಹಸಿ ಮೇವು ಅಂತ ಲೆಕ್ಕ ಹಾಕಿದರೂ ನಮ್ಮ ಮಂದೆಗೆ ಅರವತ್ತು ಕೆಜಿ ಬೇಕು. ಎಲ್ಲಿಂದ ತರೋದು? ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ಸರ್ಕಾರದ ನಿಯಮ. ನಮ್ಮೂರಲ್ಲಿ ಗೋಮಾಳ ಇರೋದು ಪಹಣಿಯಲ್ಲಿ. ನೆಲದ ಮೇಲೆ ಇರೋದು ಬಳ್ಳಾರಿ ಜಾಲಿ. ತಮಾಷೆ ನೋಡು, ಆ ಜಾಲಿಕಾಯಿಯನ್ನೇ ಕುರಿಗಳು ಆಸೆಪಟ್ಟು ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಹೊರಗೆ ಬಂದು ಇನ್ನೊಂದು ಕಡೆ ಹುಟ್ಟುತ್ತದೆ. ಹುಲ್ಲು ತಿನ್ನೋ ಪ್ರಾಣಿಯೇ ಹುಲ್ಲಿನ ಶತ್ರುವನ್ನು ಬಿತ್ತಿಕೊಂಡು ಓಡಾಡುತ್ತೆ.

ಹಾಗಾಗಿ ನಮ್ಮ ಮೂರೆಕರೆ ಬೀಳು ನೆಲವನ್ನೇ ಭಾಗ ಮಾಡಿದೆವು. ರಾತ್ರಿ ಮಂದೆ ಸುತ್ತ ಕಟ್ಟೋ ನೈಲಾನ್ ಬಲೆ ಇದೆಯಲ್ಲ, ಅಂಥದ್ದು ಹಳೇದು ತಂದು ಹರಿದಲ್ಲೆಲ್ಲ ನಾನೇ ಹೊಲಿದೆ. ಈ ವಾರ ಒಂದು ತುಂಡು ಮೇಯಿಸೋದು, ಅದನ್ನು ತಿಂಗಳು ಮುಟ್ಟದೇ ಬಿಡೋದು. ಗರಿಕೆ ಮತ್ತೆ ಏಳೋಕೆ ಅಷ್ಟು ದಿನ ಬೇಕು. ತಾತನಿಗೆ ಇದು ಹುಡುಗಾಟ ಅನ್ನಿಸಿತು. ಅವರದು ಹಿಂಗಾರು ಬೆಳೆ ಮುಗಿದ ಮೇಲೆ ನೀರಾವರಿ ಸೀಮೆ ಕಡೆ ನಡೆಯೋ ಮಂದೆ, ಗದ್ದೆಗಳಲ್ಲಿ ಮಂದೆ ನಿಲ್ಲಿಸಿ ಗೊಬ್ಬರಕ್ಕೆ ದುಡ್ಡೋ ಭತ್ತವೋ ತಗೊಳ್ಳೋ ಬದುಕು. ಆದರೂ ಒಂದು ಸಂಜೆ ಬಲೆ ಎಳೆದು ಬಿಗಿ ನೋಡಿ, “ಹೊಲಿಗೆ ಗಟ್ಟಿ ಐತೆ” ಅಂದ.

ರೋಹಿಣಿ ಮಳೆ ಚೆನ್ನಾಗಿ ಬಂತು. ಹತ್ತು ದಿನದಲ್ಲಿ ಕೆರೆಯ ಮೇಲಣ ತುಂಡು ಹಸಿರೋ ಹಸಿರು. ನಾಲ್ಕು ತಿಂಗಳು ಒಣ ಕಡಲೆಕಾಯಿ ಬಳ್ಳಿ, ಜಾಲಿಕಾಯಿ ತಿಂದ ಕುರಿಗಳು ಬಲೆಗೆ ಮೂತಿ ಇಟ್ಟು ನಿಂತಿದ್ದವು. ಒಂದೊಂದು ಗಂಟೆ ಬಿಟ್ಟು ರೂಢಿ ಮಾಡು, ಮೊದಲು ಒಣಮೇವು ಹಾಕು ಅಂತ ತಾತ ಹೇಳಿದ್ದ. ಅವತ್ತು ಬೆಳಿಗ್ಗೆ ಬಲೆ ತೆಗೆದವಳು ಸಂಜೆವರೆಗೂ ನೋಡುತ್ತಾ ಕೂತೆ. ಅವು ತಿನ್ನೋದು ನೋಡಿದರೆ ನನ್ನ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು.

ಬೆಳಗಿನ ಜಾವ ಕೆಂಚಿ ಕಾಲು ಒದರುತ್ತಿತ್ತು, ಕತ್ತು ಹಿಂದಕ್ಕೆ ಸೆಟೆದಿತ್ತು. ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ಮುಗಿಯಿತು. ಕರುಳು ಬೇನೆ ಅಂದರು. ಹೊಟ್ಟೆಯಲ್ಲಿ ಮೊದಲೇ ಇರೋ ಕ್ರಿಮಿ, ಎಳೆ ಹುಲ್ಲು ಒಮ್ಮೆಲೇ ತುಂಬಿದರೆ ಹೆಚ್ಚಿಕೊಂಡು ವಿಷ ಬಿಡುತ್ತಂತೆ. ಮೈಕೈ ತುಂಬಿಕೊಂಡ ಮರಿಯನ್ನೇ ಹೆಚ್ಚಾಗಿ ಹಿಡಿಯೋದಂತೆ. ನಮ್ಮ ಮಂದೆಯಲ್ಲಿ ಕೆಂಚಿಯಷ್ಟು ತುಂಬಿಕೊಂಡಿದ್ದು ಇನ್ಯಾವುದಿತ್ತು? ಮಳೆಗೆ ಮುಂಚೆ ಲಸಿಕೆ ಒಂದು ಸಲ ಹಾಕಿಸಿದ್ದೆ. ಎರಡು ವಾರಕ್ಕೆ ಇನ್ನೊಂದು ಸಲ ಹಾಕಿಸಬೇಕಿತ್ತು. ಆ ದಿನ ಅತ್ತೆ ಮನೆ ಗೃಹಪ್ರವೇಶ, ಆಮೇಲೆ ನೋಡೋಣ ಅಂದುಕೊಂಡೆ, ಮರೆತೆ.

ಇಬ್ಬರು ಬಂದು ಬಾಡೂಟಕ್ಕೆ ಕೊಡಿ ಅಂತ ಕೇಳಿದರು. ನಿಮ್ಮಪ್ಪ ಮಾತಾಡದೆ ಗುದ್ದಲಿ ತಗೊಂಡು ಬಾರೆಗಿಡದ ಹತ್ತಿರ ಎದೆಮಟ್ಟ ಗುಂಡಿ ತೆಗೆದರು. ಎರಡು ದಿನ ಊಟಕ್ಕೆ ಕೂತು ಏಳುತ್ತಿದ್ದರು.

ಉಳಿದವಕ್ಕೆಲ್ಲ ಎರಡನೇ ಸೂಜಿ ಆಗಿದೆ. ಕ್ಯಾಲೆಂಡರಿನಲ್ಲಿ ಮುಂದಿನ ವರ್ಷದ್ದನ್ನೂ ಬರೆದಿಟ್ಟಿದ್ದೇನೆ. ಈಗ ಬೆಳಿಗ್ಗೆ ಮೊದಲು ಬಳ್ಳಿ, ಆಮೇಲೆ ಹುಲ್ಲು.

ಈ ಕಾಗದ ಓದಿ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಆದರೆ ಭಾನುವಾರ ಫೋನಿನಲ್ಲಿ ಕೆಂಚಿ ಸುದ್ದಿ ಎತ್ತಬೇಡ. ನಿಮ್ಮಪ್ಪ ಸ್ಪೀಕರ್ ಹಾಕಿಕೊಂಡೇ ಮಾತಾಡೋದು, ಗೊತ್ತಲ್ಲ.

ನಿನ್ನ ಅಮ್ಮ