ನರ್ಸುಗಳ ದಾಖಲೆ ಕಾಲೇಜಿನ ಕಪಾಟಿನಲ್ಲೇ ಬೂಷ್ಟು ಹಿಡಿಯಬೇಕೇ?

ಮಾನ್ಯರೇ,

ಕರಾವಳಿಯ ನರ್ಸುಗಳು ಹೊರದೇಶದಲ್ಲಿ ಒಳ್ಳೆ ಸಂಬಳ ತೆಗೆಯುತ್ತಾರೆ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸಂತೋಷ. ಆದರೆ ಹೋದವರು ಅಲ್ಲಿ ಮತ್ತೆ ನರ್ಸ್ ಆಗಲು ಎಷ್ಟು ಕಾಯುತ್ತಾರೆ, ಯಾಕೆ ಕಾಯುತ್ತಾರೆ ಅಂತ ಯಾರೂ ಬರೆಯುವುದಿಲ್ಲ. ನಾನು ಉಡುಪಿ ಜಿಲ್ಲೆಯ ಒಂದು ನರ್ಸಿಂಗ್ ಕಾಲೇಜಿನ ಆಫೀಸಿನಲ್ಲಿ ದುಡಿದು ನಿವೃತ್ತನಾದವನು. ಕಾಲೇಜಿನ ಹೆಸರು ಬೇಡ, ಇದು ಒಂದು ಕಾಲೇಜಿನ ಕಥೆ ಅಲ್ಲ.

ವೀಸಾ ಬೇರೆ, ಲೈಸೆನ್ಸ್ ಬೇರೆ. ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿತು ಅಂದರೆ ಅಲ್ಲಿ ಇರಬಹುದು, ಏನಾದರೂ ಕೆಲಸ ಮಾಡಬಹುದು, ಅಷ್ಟೇ. ನರ್ಸ್ ಆಗಬೇಕಾದರೆ ಆ ಪ್ರಾಂತ್ಯದ ನರ್ಸಿಂಗ್ ಸಂಸ್ಥೆಯಲ್ಲಿ ನೋಂದಣಿ ಆಗಬೇಕು, ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಪಿಆರ್‌ಗೋಸ್ಕರ ಮಾಡಿಸಿದ ಡಿಗ್ರಿ ಮೌಲ್ಯಮಾಪನವನ್ನೇ ಲೈಸೆನ್ಸ್ ಅಂದುಕೊಂಡು ವಿಮಾನ ಹತ್ತಿದವರೂ ಇದ್ದಾರೆ. ಇಂಗ್ಲೆಂಡಿನದ್ದು ಇನ್ನೊಂದು ದಾರಿ, ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ ನಮ್ಮ ದೇಶದಲ್ಲೇ ಬರೆಯಬಹುದು, ಒಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಮಾತ್ರ ಅಲ್ಲಿಗೇ ಹೋಗಿ ಕೊಡಬೇಕು. ಏಜೆಂಟರು ವೀಸಾದ ತನಕ ಚಂದ ವಿವರಿಸುತ್ತಾರೆ. ಮುಂದಿನದ್ದು ಕೇಳಿದರೆ 'ಅದೆಲ್ಲ ಅಲ್ಲಿ ಹೋದಮೇಲೆ ಆಗ್ತದೆ' ಅನ್ನುತ್ತಾರೆ.

ಹಾಗಾಗಿ ಇಲ್ಲಿ ವರ್ಷಗಟ್ಟಲೆ ಐಸಿಯು ನೋಡಿಕೊಂಡವಳು ಅಲ್ಲಿ ವೃದ್ಧರ ಆರೈಕೆ ಮನೆಯಲ್ಲಿ ಪಿಎಸ್‌ಡಬ್ಲ್ಯು ಆಗುತ್ತಾಳೆ. ಅಂದರೆ ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು. ಆ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ನೋಂದಣಿ ಆಗುವ ತನಕ ತಾನು ನರ್ಸ್ ಅಂತ ಹೇಳಿಕೊಳ್ಳಲೂ ಅಲ್ಲಿನ ಕಾನೂನು ಬಿಡುವುದಿಲ್ಲ.

ಪರೀಕ್ಷೆ, ಇಂಗ್ಲಿಷ್ ಟೆಸ್ಟ್ ಎಲ್ಲ ಅವರವರ ಜವಾಬ್ದಾರಿ. ನಾನು ಹೇಳಬೇಕೆಂದಿರುವುದು ನಮ್ಮ ಪಾಲಿನ ಬಗ್ಗೆ. ಕೆನಡಾಕ್ಕೆ ಎನ್‌ಎನ್‌ಎಎಸ್ (ಹೊರದೇಶದಲ್ಲಿ ಓದಿದ ನರ್ಸುಗಳ ದಾಖಲೆ ಪರಿಶೀಲಿಸುವ ಅಲ್ಲಿನ ಸಂಸ್ಥೆ) ಮೂಲಕ ಹಾಕುವ ಅರ್ಜಿಯಲ್ಲಿ ಶಿಕ್ಷಣದ ಫಾರಂ ಅಂತ ಒಂದಿದೆ. ಅದನ್ನು ಅರ್ಜಿ ಹಾಕಿದವಳು ತುಂಬುವ ಹಾಗಿಲ್ಲ, ತಾನೇ ಕಳಿಸುವ ಹಾಗೂ ಇಲ್ಲ, ಕಾಲೇಜೇ ತುಂಬಿ ನೇರ ಕಳಿಸಬೇಕು. ನೋಂದಣಿಯ ಫಾರಂ ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲಿನಿಂದ, ಅನುಭವದ್ದು ಕೇಳಿದರೆ ಆಸ್ಪತ್ರೆಯಿಂದ. ಕಾಲೇಜಿನ ಫಾರಂನಲ್ಲಿ ಅಂಕ ಒಂದೇ ಸಾಲದು. ಮೆಡಿಕಲ್-ಸರ್ಜಿಕಲ್, ಮಕ್ಕಳ ವಾರ್ಡು, ಹೆರಿಗೆ, ಮನೋರೋಗ, ಹೀಗೆ ಒಂದೊಂದಕ್ಕೂ ಪಾಠ ಎಷ್ಟು ಗಂಟೆ, ವಾರ್ಡ್ ಪೋಸ್ಟಿಂಗ್ ಎಷ್ಟು ಗಂಟೆ ಅಂತ ಬೇರೆ ಬೇರೆ ತೋರಿಸಬೇಕು.

ಹದಿನೈದು ವರ್ಷದ ಹಿಂದೆ ಓದಿದವಳ ಗಂಟೆ ಲೆಕ್ಕ ಎಲ್ಲಿ ಸಿಗಬೇಕು? ಅಂಕಪಟ್ಟಿಗಾದರೆ ಬೆಂಗಳೂರಿನ ರಾಜೀವ್ ಗಾಂಧಿ ವಿವಿ ಇದೆ. ಪೋಸ್ಟಿಂಗಿನ ಲೆಕ್ಕ ಇರುವುದು ಕಾಲೇಜಿನ ಹಳೆ ರೊಟೇಷನ್ ರಿಜಿಸ್ಟರಿನಲ್ಲಿ, ರಿಜಿಸ್ಟರ್ ಇರುವುದು ಸ್ಟೋರ್ ರೂಮಿನ ಕಪಾಟಿನಲ್ಲಿ. ನಮ್ಮ ಮಳೆಗಾಲ ಗೊತ್ತಲ್ವಾ, ಚಪ್ಪಲಿಗೂ ಬೂಷ್ಟು ಬರುತ್ತದೆ. ಪುಟಕ್ಕೆ ಪುಟ ಅಂಟಿಕೊಂಡು, ಶಾಯಿ ಹರಡಿ, ಮೆಲ್ಲ ಬಿಡಿಸಲು ಹೋದರೂ ಹರಿದು ಕೈಗೆ ಬರುತ್ತದೆ. ಬದಿಯಲ್ಲಿ ಒರಲೆ ತಿಂದ ಜಾಗದಲ್ಲಿ ಯಾರ ಹೆಸರಿತ್ತೋ ದೇವರಿಗೇ ಗೊತ್ತು.

ಓದಿದವಳು ಟೊರಾಂಟೊದಲ್ಲಿ. ಕೌಂಟರಿಗೆ ಬರುವುದು ಕಾರ್ಕಳದಿಂದಲೋ ಕಾಪುವಿನಿಂದಲೋ ಬಸ್ಸಿನಲ್ಲಿ ಬಂದ ಅವಳ ಅಪ್ಪ. 'ಕವರ್ ಹೋಯ್ತಾ ಸಾರ್, ಮಗಳು ದಿನಾ ಕೇಳ್ತಾಳೆ' ಅನ್ನುತ್ತಾರೆ. ಕವರ್ ಹೋಗಿರುವುದಿಲ್ಲ. ಅಂಟಿಸಿದ ಕಡೆ ಪ್ರಾಂಶುಪಾಲರ ಸಹಿ ಬೇಕು, ಸಹಿಯ ಮೇಲೆ ಸೀಲ್ ಬೇಕು. ಪ್ರಾಂಶುಪಾಲರು ಮೀಟಿಂಗಿಗೆ ಹೋಗಿರುತ್ತಾರೆ, ಸೀಲ್ ಇಟ್ಟ ಬೀರುವಿನ ಬೀಗದ ಕೈ ರಜೆ ಹಾಕಿದ ಗುಮಾಸ್ತರ ಮನೆಯಲ್ಲಿರುತ್ತದೆ. ಆ ಅಪ್ಪ ಸುಮ್ನೆ ಬೆಂಚಿನ ಮೇಲೆ ಕೂತಿದ್ದು ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಾರೆ. ಗಲ್ಫಿಗೆ ಹೋಗುವವರಿಗೆ ಡೇಟಾಫ್ಲೋ ಅಂತ ದಾಖಲೆ ಪರಿಶೀಲಿಸುವ ಕಂಪನಿ ಇದೆ, ಸರ್ಟಿಫಿಕೇಟ್ ನಿಜವೇ ಅಂತ ಕಾಲೇಜನ್ನೇ ಇಮೇಲಿನಲ್ಲಿ ಕೇಳುತ್ತಾರೆ. ಎಷ್ಟೋ ಕಡೆ ಆ ಇಮೇಲ್ ಹಿಂದಿನ ಪ್ರಾಂಶುಪಾಲರದ್ದು, ಪಾಸ್‌ವರ್ಡ್ ಅವರ ಜೊತೆಗೇ ನಿವೃತ್ತಿ ಆಗಿದೆ! ಮುಚ್ಚಿಹೋದ ಕಾಲೇಜಿನಲ್ಲಿ ಓದಿದವರ ಪಾಡು ಕೇಳುವುದೇ ಬೇಡ.

ಇದಕ್ಕೆ ಕೋಟಿ ಖರ್ಚೇನೂ ಬೇಡ. ಕೋರ್ಸ್ ಮುಗಿದ ದಿನವೇ ಪ್ರತಿ ವಿದ್ಯಾರ್ಥಿಯ ಪಾಠದ ಮತ್ತು ಪೋಸ್ಟಿಂಗಿನ ಗಂಟೆಗಳ ಪಟ್ಟಿ ಮಾಡಿ, ಒಂದು ಪ್ರತಿ ಅವರ ಕೈಗೆ ಕೊಟ್ಟು, ಒಂದನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಮುಂದೆ ಫಾರಂ ತುಂಬುವುದು ಒಂದು ಮಧ್ಯಾಹ್ನದ ಕೆಲಸ. ಹಳೆ ರಿಜಿಸ್ಟರುಗಳನ್ನು ಮುಂದಿನ ಮಳೆಗಾಲಕ್ಕೆ ಮೊದಲು ಸ್ಕ್ಯಾನ್ ಮಾಡಿಸಲಿ. ಇಮೇಲ್ ಕಾಲೇಜಿನ ಹೆಸರಿನಲ್ಲಿರಲಿ. ಶುಲ್ಕ ಎಷ್ಟು, ಎಷ್ಟು ದಿನದಲ್ಲಿ ಕಳಿಸುತ್ತಾರೆ ಅಂತ ಬೋರ್ಡ್ ಹಾಕಲಿ. ಶುಲ್ಕ ಜಾಸ್ತಿ ಆದರೂ ಜನ ಕೊಡುತ್ತಾರೆ, ಉತ್ತರವೇ ಇಲ್ಲದಿರುವುದು ಕಷ್ಟ.

ಹೋಗುವ ಯೋಚನೆ ಇರುವವರಿಗೂ ಒಂದು ಮಾತು. ಬಜಪೆಯಲ್ಲಿ ವಿಮಾನ ಹತ್ತುವ ಮೊದಲೇ ಕಾಲೇಜು, ಕೌನ್ಸಿಲ್, ಆಸ್ಪತ್ರೆ ಮೂರೂ ಕಡೆ ಅರ್ಜಿ ಕೊಟ್ಟು, ಬೆನ್ನು ಹಿಡಿದು ಕಳಿಸಿ. ಎನ್‌ಕ್ಲೆಕ್ಸ್ ಕೇಂದ್ರ ಬೆಂಗಳೂರಿನಲ್ಲೂ ಇದೆ, ಹೋಗುವ ಕಡೆಯ ನರ್ಸಿಂಗ್ ಸಂಸ್ಥೆಯಿಂದ ಪರೀಕ್ಷೆಗೆ ಅರ್ಹತೆ ಬಂದರೆ ಇಲ್ಲಿಯೇ ಬರೆಯಬಹುದು.

ಪ್ರತಿ ವರ್ಷ ಕಾಲೇಜುಗಳಿಗೆ ಇನ್‌ಸ್ಪೆಕ್ಷನ್ ಬರುತ್ತದೆ. ಲೈಬ್ರರಿ ಪುಸ್ತಕ, ಲ್ಯಾಬಿನ ಗೊಂಬೆ ಎಲ್ಲ ಎಣಿಸುತ್ತಾರೆ. ಹಳೆ ವಿದ್ಯಾರ್ಥಿಗಳ ಎಷ್ಟು ಫಾರಂ ಬಾಕಿ ಇದೆ ಅಂತಲೂ ಈ ಸಲ ಕೇಳಲಿ.

ನಿವೃತ್ತ ಆಫೀಸ್ ಸೂಪರಿಂಟೆಂಡೆಂಟ್, ಕುಂಜಿಬೆಟ್ಟು, ಉಡುಪಿ